ಊದದ ಸೀಟಿ

ಒಂಬತ್ತು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದರೆ ಅದಕ್ಕೂ ಒಂದು ಸದ್ದಿದೆ. ಗ್ಯಾಲರಿಯಲ್ಲಿ ಕೂತವರಿಗೆ ಅದು ಕೇಳಿಸುವುದಿಲ್ಲ. ಉಸಿರು ಹಿಡಿದವರಲ್ಲಿ ಅವರೂ ಸೇರಿರುತ್ತಾರೆ. ನನಗೆ ಕೇಳಿಸುತ್ತದೆ. ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಟಿ.ವಿ.ಗೆ ಕಳಿಸುವ ಸಂಸ್ಥೆಯಲ್ಲಿ ನಾನು ಸದ್ದಿನ ಕೆಲಸದವನು. ಕ್ರೀಡಾಂಗಣದ ಹಿಂಭಾಗದಲ್ಲಿ, ನೀರಿನ ಪೈಪುಗಳು ಹಾದುಹೋಗುವ ಓಣಿಯ ಕೊನೆಗೆ, ಗೋಡೆಗೆಲ್ಲ ದಪ್ಪ ಸ್ಪಂಜು ಅಂಟಿಸಿದ ಒಂದು ಕೋಣೆ ಇದೆ. ಎರಡು ಬುಟ್ಟಿಗಳ ಕಂಬದ ಹಿಂದೆ ಒಂದೊಂದು ಮೈಕು, ಗ್ಯಾಲರಿಗಳ ಮೇಲೆ ತೂಗುಬಿಟ್ಟ ಆರು ಮೈಕು; ಎಂಟೂ ಕಡೆಯ ಸದ್ದುಗಳು ಎಂಟು ಬೇರೆ ಬೇರೆ ಗೆರೆಗಳಾಗಿ ನನ್ನ ಪರದೆಯ ಮೇಲೆ ಹರಿಯುತ್ತವೆ. ಅವನ್ನು ಹದವಾಗಿ ಬೆರೆಸಿ ಹೊರಗೆ ಬಿಡುವುದು ನನ್ನ ಕೆಲಸ. ಪಂದ್ಯವಿಲ್ಲದ ದಿನ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ನನ್ನ ರಕ್ತ ಓಡುವುದು ನನಗೇ ಕೇಳುತ್ತದೆ. ಅದೊಂದು ಸುಖ. ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಆ ಭಾನುವಾರದ ಸಂಜೆ ನಮ್ಮ ತಂಡ ಒಂದು ಪಾಯಿಂಟ್ ಹಿಂದಿತ್ತು. ಉಳಿದಿದ್ದದ್ದು ನಾಲ್ಕು ಸೆಕೆಂಡು. ಎಲ್ಲರೂ ‘ಏಣಿ’ ಎಂದು ಕರೆಯುವ ನಮ್ಮ ಉದ್ದನೆಯ ಆಟಗಾರ ಚೆಂಡು ಹಿಡಿದು ಬುಟ್ಟಿಯ ಕಡೆಗೆ ನುಗ್ಗಿದ. ಎದುರಾಳಿಯ ಕೈ ಅವನ ಮೈಮೇಲೆ ಬಿತ್ತು, ಅಥವಾ ಬಿದ್ದಂತೆ ಕಂಡಿತು. ಆಗ ಸೀಟಿ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಫೌಲ್ ಸಿಕ್ಕಿತೆಂದುಕೊಂಡು ಏಣಿ ನಿಂತುಬಿಟ್ಟ. ಮಗು ಬಿಸ್ಕತ್ತು ಚಾಚುವ ಹಾಗೆ ಚೆಂಡನ್ನು ರೆಫರಿಯ ಕಡೆಗೆ ಚಾಚಿದ. ರೆಫರಿ ಕೈ ಇಳಿಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು. ಎದುರಾಳಿ ಬಂದು ಚೆಂಡನ್ನು ಅವನ ಕೈಯಿಂದ ಹೂವು ಕಿತ್ತ ಹಾಗೆ ಕಿತ್ತುಕೊಂಡ. ಗಂಟೆ ಹೊಡೆಯಿತು. ಆ ವರ್ಷದ ಆಟ ನಮಗೆ ಅಲ್ಲಿಗೆ ಮುಗಿಯಿತು.

ನಾನು ಊದಲೇ ಇಲ್ಲ ಎಂದರು ರೆಫರಿ. ಜೊತೆಗಿದ್ದ ಇಬ್ಬರು ರೆಫರಿಗಳೂ ನಾವೂ ಊದಿಲ್ಲ ಎಂದರು.

ಹನ್ನೊಂದನೇ ಗ್ಯಾಲರಿ ಅದನ್ನು ನಂಬಲಿಲ್ಲ. ಹನ್ನೊಂದನೇ ಗ್ಯಾಲರಿ ಎಂದರೆ ನಮ್ಮ ಭಾವ. ಅಕ್ಕನ ಗಂಡ, ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ; ಪುಸ್ತಕದ ಚೀಲ ಹೊತ್ತುಕೊಂಡು ನಾನು ಹೋದದ್ದು ಅಕ್ಕ ಭಾವನ ಮನೆಗೆ. ಅಲ್ಲೇ ಬೆಳೆದೆ, ಅವರದೇ ಶಾಲೆಯಲ್ಲಿ ಓದಿದೆ, ಈಗಲೂ ಅಲ್ಲೇ ಇದ್ದೇನೆ. ಆ ಮನೆಯ ನಡುಕೋಣೆಯಲ್ಲಿ ಮುಂದಿನ ಭಾನುವಾರ ಗ್ಯಾಲರಿಯ ಹತ್ತು ಹನ್ನೆರಡು ಜನ ಸೇರಿದರು. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತರು.

“ಕಲ್ಲುಗಣ್ಣ ಊದಿದ್ದನ್ನ ಈ ಎರಡು ಕಿವಿಯಿಂದ ಕೇಳಿದೀನಿ,” ಎಂದ ಬಸ್ಸಿನ ಡ್ರೈವರ್. ಕಲ್ಲುಗಣ್ಣ ಎಂಬುದು ಆ ರೆಫರಿಗೆ ಗ್ಯಾಲರಿ ಇಟ್ಟ ಹೆಸರು.

“ಮೂರನೇದು ಇದ್ದಿದ್ರೆ ಅದ್ರಲ್ಲೂ ಕೇಳ್ತಿದ್ರಿ ಬಿಡಿ,” ಎಂದಳು ಆಸ್ಪತ್ರೆಯ ನರ್ಸ್.

“ಊದಿ ನುಂಗಿಬಿಟ್ಟ ನೋಡಿ. ಅಷ್ಟು ದೊಡ್ಡ ಸೀಟಿ ಹೇಗೆ ಅರಗಿಸ್ಕೊಂಡ್ನೋ!”

“ಹೊಟ್ಟೆ ನೋವು ಅಂತ ಬರ್ಲಿ. ನನ್ನ ವಾರ್ಡಿಗೇ ಹಾಕಿಸ್ಕೊಳ್ತೀನಿ. ಇಂಜೆಕ್ಷನ್ ಎಲ್ಲಿಗೆ ಕೊಡ್ಬೇಕು ಅಂತ ನನಗೆ ಗೊತ್ತು.”

“ಸುಮ್ನಿರ್ರಪ್ಪ, ಬರ್ಕೊಳ್ಳಿ,” ಎಂದರು ಭಾವ. ಅವರು ನಿಂತೇ ಇದ್ದರು, ಕೈ ಹಿಂದೆ ಕಟ್ಟಿಕೊಂಡು. “ಇಪ್ಪತ್ತೆರಡು ವರ್ಷದಿಂದ ಊದ್ತಿದಾನಂತೆ. ಇರ್ಲಿ. ತಪ್ಪು ಯಾರು ಮಾಡಲ್ಲ? ನಾನು ತಪ್ಪಿಗೆ ಬೈಯ್ತಿಲ್ಲ. ಊದಿದ್ದನ್ನ ಊದಿಲ್ಲ ಅಂದ ನೋಡಿ, ಅದಕ್ಕೆ ಬೈಯ್ತಿದೀನಿ. ಮಕ್ಕಳ ಮುಂದೆ ನಿಂತ್ಕೊಂಡು ಹಾಗೆ ಹೇಳಕ್ಕಾಗುತ್ತಾ? ಸದ್ದಿಗೆ ಸಾಕ್ಷಿ ಇರುತ್ತೆ. ಟಿ.ವಿ.ಯವರ ಹತ್ರ ಅಷ್ಟೂ ಮೈಕಿನ ಸದ್ದು ಇರುತ್ತೆ, ಅದನ್ನ ತೆಗೆಸಿ ಕೇಳಿ ಅಂತ ಬರೀರಿ.” ಆಮೇಲೆ ನನ್ನ ಕಡೆ ತಿರುಗಿ, “ಏನೋ ಕಿವಿಯಪ್ಪ, ಇರುತ್ತೆ ತಾನೇ?” ಎಂದರು.

“ಇರುತ್ತೆ ಭಾವ,” ಎಂದೆ.

ಅವರ ದನಿ ಕೇಳುವುದೇ ನನಗೆ ಆಗ ಹಿತವಾಗಿತ್ತು. ಎರಡು ವರ್ಷದ ಹಿಂದೆ ಶಾಲೆಯ ಆಟದ ಮೈದಾನದಲ್ಲಿ ಹೊಸ ಕಟ್ಟಡ ಎದ್ದಿತ್ತು. ಅಂದಿನಿಂದ ಆಟದ ಪಿರಿಯಡ್ ವಾರಕ್ಕೆ ಒಂದೇ, ಅದೂ ವರಾಂಡದಲ್ಲಿ. ಬೆಳಿಗ್ಗೆ ಸಂಜೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಬಿಡಲು ಬರುವ ಕಾರುಗಳನ್ನು ಸಾಲಾಗಿ ಕಳಿಸುವುದು ಭಾವನ ಕೆಲಸವಾಯಿತು. ಮನೆಗೆ ಬಂದರೆ ಚಪ್ಪಲಿ ಬಿಟ್ಟು ಕೂತವರು ಮಾತೇ ಆಡುತ್ತಿರಲಿಲ್ಲ. ಮನೆಯಲ್ಲಿ ಆ ಮೌನ ಪೀಠೋಪಕರಣದ ಹಾಗೆ ಇತ್ತು. ಓಡಾಡುವಾಗ ಅದನ್ನು ತಾಗದಂತೆ ಸುತ್ತಿಕೊಂಡು ಹೋಗಬೇಕಿತ್ತು. ಮೌನ ನನಗೆ ಪ್ರಿಯವಾದದ್ದೇ, ಆದರೆ ಅದು ಅಂಥದ್ದಲ್ಲ. ಈಗ ಕಲ್ಲುಗಣ್ಣನ ದೆಸೆಯಿಂದ ಊಟದ ಹೊತ್ತಿಗೆ ಭಾವ ಮಾತಾಡುತ್ತಿದ್ದರು, ಮೇಜು ಗುದ್ದುತ್ತಿದ್ದರು, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಪಂದ್ಯ ನಡೆಸುವ ಲೀಗಿಗೆ ಬರೆದ ಆ ದೂರಿನ ಪತ್ರಕ್ಕೆ ಮುನ್ನೂರ ನಲವತ್ತು ಜನರ ಸಹಿ ಬಿತ್ತು. ಲೀಗಿನವರು ವಿಚಾರಣೆಗೆ ಶುಕ್ರವಾರ ಎಂದು ದಿನ ಗೊತ್ತು ಮಾಡಿದರು. ಸುಳ್ಳು ಹೇಳಿದ್ದು ನಿಜವಾದರೆ ಆ ರೆಫರಿ ಮತ್ತೆ ಆಟದ ಕೋರ್ಟಿಗೆ ಇಳಿಯುವಂತಿಲ್ಲ. ಸದ್ದನ್ನು ತೆಗೆದುಕೊಡುವ ಕೆಲಸ, ಭಾವನ ಪತ್ರದ ಮೂಲಕವೇ, ನನ್ನ ಮೇಜಿಗೆ ಬಂತು.

ಸೋಮವಾರ ಮಧ್ಯಾಹ್ನ ಊಟ ಮಾಡಿ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಮೊದಲು ಬುಟ್ಟಿಯ ಕಂಬದ ಮೈಕು. ರೆಫರಿ ಅದರಿಂದ ಮೂರು ಹೆಜ್ಜೆ ದೂರದಲ್ಲಿದ್ದರು. ಸೀಟಿ ಇತ್ತು, ಆದರೆ ತೆಳ್ಳಗೆ, ಪಕ್ಕದ ಬೀದಿಯಿಂದ ಬಂದ ಹಾಗೆ. ಅಲ್ಲೇ ಏನೋ ಸರಿಯಿಲ್ಲ ಅನಿಸಿತು. ಒಂದೊಂದೇ ಗ್ಯಾಲರಿಯ ಮೈಕು ತೆರೆಯುತ್ತ ಹೋದೆ. ಹನ್ನೊಂದನೇ ಗ್ಯಾಲರಿಯ ಮೇಲೆ ತೂಗುತ್ತಿದ್ದ ಮೈಕಿನಲ್ಲಿ ಸೀಟಿ ಕಿವಿಗೆ ಬಡಿಯುವಷ್ಟು ದೊಡ್ಡದಾಗಿತ್ತು, ಮತ್ತು ಕಂಬದ ಮೈಕಿಗಿಂತ ಸೆಕೆಂಡಿನ ಹತ್ತನೇ ಒಂದು ಭಾಗ ಮೊದಲೇ ಬಂದಿತ್ತು. ಸದ್ದು ಗ್ಯಾಲರಿಯಿಂದ ಬುಟ್ಟಿಗೆ ನಡೆದುಹೋಗಲು ಅಷ್ಟು ಹೊತ್ತು ಬೇಕು. ಅಂದರೆ ಅದು ಕೋರ್ಟಿನಿಂದ ಹೊರಟ ಸದ್ದೇ ಅಲ್ಲ.

ಜನರ ಕೂಗನ್ನು ತಗ್ಗಿಸಿ ಮತ್ತೆ ಕೇಳಿದೆ. ಸೀಟಿಯೊಳಗೆ ಕಾಳು ಉರುಳುವ ಗುರಗುರ ಇತ್ತು. ರೆಫರಿಗಳ ಸೀಟಿಯಲ್ಲಿ ಕಾಳಿರುವುದಿಲ್ಲ, ಅದು ನೇರವಾಗಿ ಚೀರುತ್ತದೆ. ಇನ್ನೂ ಒಂದು ವಿಷಯ: ಸೀಟಿ ಒಂದಲ್ಲ, ಎರಡು. ಮೊದಲು ಒಂದು ಚಿಕ್ಕದು, ರೆಪ್ಪೆ ಬಡಿಯುವಷ್ಟು ಬಿಡುವು, ಆಮೇಲೆ ಒಂದು ಉದ್ದನೆಯದು. ಎರಡನೆಯದನ್ನು ಒಂಬತ್ತು ಸಾವಿರ ಜನರ ಬೊಬ್ಬೆ ಮುಚ್ಚಿಹಾಕಿತ್ತು. ಈ ಒಂದು ಗೆರೆಯಲ್ಲಿ ಮಾತ್ರ ಅದು ಉಳಿದಿತ್ತು.

ಕೇಳಿ ಮುಗಿದ ಮೇಲೆ ನೋಡಿಕೊಂಡರೆ, ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಎರಡೂ ಕೈ ಸೊಂಟದ ಮೇಲಿದ್ದವು.

ನಮ್ಮ ಶಾಲೆಯಲ್ಲಿ ಓದಿದವರಿಗೆ ಮಾತ್ರ ಇದು ಗೊತ್ತು. ಒಂದು ಚಿಕ್ಕದು, ಒಂದು ಉದ್ದ: ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು, ಕೈ ಸೊಂಟಕ್ಕೆ. ಯಾರೋ ಯಾರನ್ನೋ ತಳ್ಳಿದಾಗ ಪಿ.ಟಿ. ಮೇಷ್ಟ್ರು ಹಾಗೆ ಊದುತ್ತಿದ್ದರು. ಇಪ್ಪತ್ತೇಳು ವರ್ಷದಿಂದ ಅವರ ಕತ್ತಿನಲ್ಲಿ, ಅಂಗಿಯ ಒಳಗೆ, ಆ ಸೀಟಿ ತೂಗುತ್ತಿದೆ. ಸ್ನಾನಕ್ಕೆ ಮಾತ್ರ ತೆಗೆಯುತ್ತಾರೆ. ಆ ಸಂಜೆ ಏಣಿಯನ್ನು ತಳ್ಳಿದ್ದು ಭಾವನಿಗೆ ಕಂಡಿತು; ಕೈ ಅಂಗಿಯೊಳಗೆ ಹೋಯಿತು; ಊದಿದರು. ಊದಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೆಮ್ಮಿದ್ದು ಯಾರಿಗೆ ನೆನಪಿರುತ್ತದೆ?

ಆ ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಕೆಲಸಕ್ಕೆ ಹೋಗಿ ಅದೇ ತುಂಡನ್ನು ಕೇಳುತ್ತ ಕೂರುತ್ತಿದ್ದೆ. ನಿಧಾನ ಮಾಡಿದೆ, ಇನ್ನೂ ನಿಧಾನ ಮಾಡಿದೆ. ಹತ್ತು ಪಟ್ಟು ಎಳೆದಾಗ ಸೀಟಿ ಸೀಟಿಯಾಗಿ ಉಳಿಯಲಿಲ್ಲ. ಯಾವುದೋ ಖಾಲಿ ಕಟ್ಟಡದಲ್ಲಿ ಪಾರಿವಾಳ ಗುಟುರು ಹಾಕುವಂತೆ ಆಯಿತು. ಒಂಬತ್ತು ಸಾವಿರ ಜನರ ಕೂಗು ಮಂಜಿನ ಹಾಗೆ ಕೆಳಗೆ ಹರಡಿಕೊಂಡಿತು. ಕೇಳುತ್ತ ಕೇಳುತ್ತ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ. ಕನಸಿನಲ್ಲಿ ಒಂದು ದೊಡ್ಡ ಮೈದಾನ. ಸಾವಿರಾರು ಮಕ್ಕಳು ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಾರೆ. ಮಂಡಿಯವರೆಗೆ ಹುಲ್ಲು ಬೆಳೆದಿದೆ. ಯಾರ ಮುಖದಲ್ಲೂ ಬೇಸರವಿಲ್ಲ. ಎಲ್ಲರ ನೆರಳೂ ಒಂದೇ ಕಡೆಗೆ ಉದ್ದವಾಗುತ್ತಿದೆ. ನಿಲ್ಲಿಸಿದವರು ಮರೆತು ಮನೆಗೆ ಹೋಗಿದ್ದಾರೆ, ಆಟ ಮತ್ತೆ ಶುರು ಮಾಡಿ ಎಂದು ಹೇಳುವವರು ಇಲ್ಲ. ಮಕ್ಕಳ ನಡುವೆ ಒಬ್ಬ ದೊಡ್ಡವನು ನಿಂತಿದ್ದ, ಬೆನ್ನು ನನ್ನ ಕಡೆಗೆ. ಅದು ಏಣಿ ಇರಬಹುದು, ರೆಫರಿ ಇರಬಹುದು. ಎಚ್ಚರವಾದಾಗ ಕೆನ್ನೆಯ ಮೇಲೆ ಕೀಲಿಮಣೆಯ ಗುರುತು ಮೂಡಿತ್ತು.

ಹೇಳದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಕಂಬದ ಮೈಕಿನ ಗೆರೆ ಒಂದನ್ನೇ ಕೊಟ್ಟರೆ ಸಾಕು. ಸೀಟಿ ಇದೆ ಎನ್ನುತ್ತಾರೆ, ರೆಫರಿಯ ಕೆಲಸ ಹೋಗುತ್ತದೆ, ಭಾವ ಗೆಲ್ಲುತ್ತಾರೆ. ಹೇಳಿದರೆ ಆ ಮನೆಯ ಮಾತು ಮತ್ತೆ ನಿಂತುಹೋಗುತ್ತದೆ.

ಬುಧವಾರ ಸಂಜೆ ಭಾವ ಗ್ಯಾಲರಿಯವರ ಜೊತೆ ಹೋಗಿದ್ದರು. ಅಕ್ಕ ಮಂಚದ ಮೇಲೆ ಒಣಗಿದ ಬಟ್ಟೆ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತೆ.

“ಏನೋ, ಎರಡು ದಿನದಿಂದ ಮುಖ ಊದಿಸ್ಕೊಂಡಿದೀಯ. ಕೆಲಸದಲ್ಲಿ ಏನಾದ್ರೂ ಆಯ್ತಾ?”

“ಅಕ್ಕ, ಆ ಸೀಟಿ ರೆಫರಿ ಊದಿದ್ದಲ್ಲ.”

ಅವಳ ಕೈ ನಿಲ್ಲಲಿಲ್ಲ. ಭಾವನ ಅಂಗಿಯ ತೋಳನ್ನು ಹಿಂದಕ್ಕೆ ಮಡಚಿ, ಅಂಗೈಯಿಂದ ಸವರಿದಳು. “ಗೊತ್ತು,” ಎಂದಳು.

“ಏನು ಗೊತ್ತು?”

“ಪಕ್ಕದಲ್ಲೇ ಕೂತಿದ್ದೆ ಕಣೋ ನಾನು. ನೋಡ್ದೆ.”

“ಎಲ್ಲರೂ ಆಟ ನೋಡ್ತಿದ್ರು...”

“ನಾನ್ಯಾಕೆ ಆಟ ನೋಡ್ಲಿ? ಹತ್ತು ಜನ ಒಂದು ಚೆಂಡಿಗೆ ಕಿತ್ತಾಡೋದ್ರಲ್ಲಿ ನೋಡೋದೇನಿದೆ! ನಾನು ಹೋಗೋದು ಇವರನ್ನ ನೋಡೋಕೆ. ಬಿಟ್ರೆ ಕಟಕಟೆ ಹಾರಿ ಕೆಳಗೆ ಬೀಳ್ತಾರೆ.” ಇನ್ನೊಂದು ಅಂಗಿ ಎತ್ತಿಕೊಂಡಳು. “ಮೊದಲು ಅಂದ್ಕೊಂಡೆ, ಇವರಿಗೆ ಗೊತ್ತಿದೆ, ನಾಚಿಕೆಗೆ ಮುಚ್ಚಿಡ್ತಿದಾರೆ ಅಂತ. ಮೂರು ದಿನ ಆದ್ಮೇಲೆ ಗೊತ್ತಾಯ್ತು, ಈ ಮನುಷ್ಯನಿಗೆ ನಿಜವಾಗ್ಲೂ ಗೊತ್ತಿಲ್ಲ. ಆಮೇಲೆ ಹೇಗೆ ಹೇಳ್ಲಿ? ಎರಡು ವರ್ಷದ ಮೇಲೆ ಮೊನ್ನೆ ‘ಸಾರು ಚೆನ್ನಾಗಿದೆ’ ಅಂದ್ರು ಕಣೋ.”

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಆ ಕಲ್ಲುಗಣ್ಣನಿಗೂ ಮನೇಲಿ ಯಾರೋ ಇರ್ತಾರಲ್ವಾ,” ಎಂದಳು ಅಕ್ಕ, ನನ್ನನ್ನು ನೋಡದೆ. “ಅವನೂ ಈಗ ಊಟದ ಹೊತ್ತಿಗೆ ಮಾತಾಡ್ತಿರಲ್ಲ.” ಮಡಚಿದ ಅಂಗಿಗಳನ್ನು ಒಂದರ ಮೇಲೊಂದು ಪೇರಿಸಿ, “ನೀನು ಹೇಳ್ಬೇಡ. ನಾನೂ ಹೇಳಲ್ಲ. ನಾವು ಹೇಳಿದ್ರೆ ವಾದಕ್ಕೆ ನಿಲ್ತಾರೆ. ಕರ್ಕೊಂಡು ಹೋಗಿ ಕೇಳಿಸು,” ಎಂದಳು.

ಗುರುವಾರ ಮಧ್ಯಾಹ್ನ ಭಾವ ನನ್ನ ಕೋಣೆಗೆ ಬಂದರು. ಗೇಟಿನ ಬಿಸಿಲಿನಿಂದ ನೇರವಾಗಿ ಬಂದವರಿಗೆ ಒಳಗಿನ ನಿಶ್ಶಬ್ದ ತಬ್ಬಿಬ್ಬು ಮಾಡಿತು. “ಏನೋ ಇದು, ಕಿವಿಗೆ ಹತ್ತಿ ತುರುಕಿದ ಹಾಗಿದೆ,” ಎಂದು ಎರಡು ಸಲ ಚಪ್ಪಾಳೆ ತಟ್ಟಿ ನೋಡಿದರು. ಹೆಡ್‌ಫೋನ್ ಹಾಕಿದೆ. ಮೊದಲು ಕಂಬದ ಮೈಕಿನ ಸದ್ದು ಕೇಳಿಸಿದೆ.

“ಊದಿದ! ಕೇಳಿದ್ಯಾ? ಊದಿದಾನೆ!” ಕಿವಿ ಮುಚ್ಚಿದ್ದರಿಂದ ಅವರು ಕೂಗುತ್ತಿದ್ದರು. “ಇನ್ನೇನು ಬೇಕು?”

ನಾನು ಹನ್ನೊಂದನೇ ಗ್ಯಾಲರಿಯ ಗೆರೆ ತೆರೆದೆ.

ಒಂದು ಚಿಕ್ಕದು, ಒಂದು ಉದ್ದ. ಭಾವ ಕಣ್ಣು ಮುಚ್ಚಿದರು. ಬೆರಳು ಸುತ್ತಿ ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಮತ್ತೆ. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಅವರ ಬಲಗೈ ಅಂಗಿಯ ಮೇಲಿನಿಂದಲೇ ಎದೆಯನ್ನು ಮುಟ್ಟಿತು. ಅಲ್ಲೇ ಉಳಿಯಿತು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ನಿಮ್ಮಕ್ಕನಿಗೆ ಗೊತ್ತಾ?” ಎಂದರು.

“ಅವತ್ತೇ ಗೊತ್ತಂತೆ.”

“ಹ್ಞೂಂ.” ಸ್ಪಂಜಿನ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿದರು. “ಗ್ಯಾಲರಿಯಲ್ಲಿ ಸೀಟಿ ಊದಿದವನನ್ನ ಮತ್ತೆ ಒಳಗೆ ಬಿಡಲ್ಲ. ಟಿಕೆಟ್ ಹಿಂದೇನೇ ಬರೆದಿರುತ್ತೆ. ಹೋದ ವರ್ಷ ಒಬ್ಬ ಹುಡುಗನಿಗೆ ನಾನೇ ಓದಿ ಹೇಳಿದ್ದೆ.” ಆಮೇಲೆ ತುಂಬ ಮೆಲ್ಲಗೆ, “ಈ ಎರಡನೇ ಗೆರೆ ನೀನು ಕೊಡದೇ ಇದ್ರೆ?” ಎಂದರು.

ಉತ್ತರಕ್ಕೆ ಅವರು ಕಾಯಲಿಲ್ಲ. “ಛೆ,” ಎಂದು ತಮಗೇ ಹೇಳಿಕೊಂಡು ಎದ್ದರು.

ಸಂಜೆ ಮನೆಯಲ್ಲಿ ಡ್ರೈವರ್‌ಗೆ ಫೋನ್ ಮಾಡಿದರು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ಡ್ರೈವರ್‌ನ ದಪ್ಪ ದನಿ ಫೋನಿನಿಂದ ಹೊರಗೆ ಬಂತು: “ಹಾಗಾದ್ರೆ ಮೇಷ್ಟ್ರೇ, ಹದಿನೆಂಟು ದಿನದಿಂದ ನಾವು ನಿಮ್ಮನ್ನೇ ಬೈತಿದ್ವಾ?”

“ಹೌದಪ್ಪ.”

“ನಾನಂತೂ ತುಂಬಾ ಕೆಟ್ಟದಾಗಿ ಬೈದಿದೀನಿ.”

“ಕೇಳಿಸ್ಕೊಂಡಿದೀನಿ. ಕೆಲವು ಹೊಸ ಮಾತೂ ಇದ್ವು.”

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾವು ಮೂವರೂ ಲೀಗಿನ ಕಚೇರಿಗೆ ಹೋದೆವು. ಮೂರನೇ ಮಹಡಿ, ಉದ್ದನೆಯ ವರಾಂಡ, ಗೋಡೆಗೆ ತಾಗಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಕೊನೆಯ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿನ ತುದಿಯಲ್ಲಿ ಓದುವ ಕನ್ನಡಕ. ರೆಫರಿಯ ಬಟ್ಟೆಯಿಲ್ಲದೆ ಅವರು ಇನ್ನೂ ಕುಳ್ಳಗೆ ಕಂಡರು. ಮೂವತ್ತು ಸಾಲು ಮೇಲಿನಿಂದ ಹನ್ನೆರಡು ವರ್ಷ ಆ ಮನುಷ್ಯನನ್ನು ಬೈದಿದ್ದ ಭಾವ ಈಗ ಮೊದಲ ಸಲ ಅವರ ಮುಖವನ್ನು ಹತ್ತಿರದಿಂದ ನೋಡಿದರು. ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಅಕ್ಕ ಕಿಟಕಿಯ ಹತ್ತಿರ ನಿಂತಳು. ವರಾಂಡದ ಬೆಳಕು ಹಾಲಿನ ಹಾಗೆ ಮಂದವಾಗಿತ್ತು.

“ನೀವು...” ಎಂದರು ಭಾವ.

“ಹೌದು, ನಾನೇ,” ಎಂದರು ಅವರು, ತಲೆಯೆತ್ತದೆ. “ಬೈಯೋದಿದ್ರೆ ಸ್ವಲ್ಪ ಮೆತ್ತಗೆ ಬೈರಿ. ಒಳಗೆ ಮೀಟಿಂಗ್ ನಡೀತಿದೆ.”

“ಅವತ್ತು ಊದಿದ್ದು ನಾನು.”

ಅವರು ಕನ್ನಡಕ ತೆಗೆದರು. ಭಾವನನ್ನು ಮರುಕದಿಂದ ನೋಡಿದರು. “ಇಲ್ಲ ಸಾರ್. ಊದಿದ್ದು ನಾನು.”

“ನೀವಲ್ಲ. ನಾನು. ಹನ್ನೊಂದನೇ ಗ್ಯಾಲರಿಯಿಂದ.”

“ನಾನೇ ಸಾರ್. ಇವತ್ತು ಒಪ್ಕೊಳ್ಳೋಣ ಅಂತಾನೇ ಬಂದಿದೀನಿ.” ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ತೋರಿಸಿದರು. “ಮೊದಲು ಮೂರು ದಿನ ಊದಿಲ್ಲ ಅಂತ ಖಾತ್ರಿ ಇತ್ತು. ಆಮೇಲೆ, ಒಂಬತ್ತು ಸಾವಿರ ಜನ ಕೇಳಿದಾರೆ ಅಂದ್ರೆ ಏನು ಹೇಳೋದು? ಹೆಂಡತಿ ಟಿ.ವಿ.ಯಲ್ಲಿ ಕೇಳಿದಾಳೆ. ಮೊಮ್ಮಗಳು ‘ಅಜ್ಜ, ನೀನು ಊದಿದೆ’ ಅಂತಾಳೆ. ಯೋಚನೆ ಮಾಡಿ ಮಾಡಿ ಈಗ ನನಗೇ ನೆನಪಾಗ್ತಿದೆ, ತುಟಿ ಮೇಲೆ ಸೀಟಿ ಇದ್ದಿದ್ದು, ಗಾಳಿ ಹೋಗಿದ್ದು. ಊದಿರ್ಬೇಕು. ಊದದೇ ಇದ್ರೆ ಹೇಗೆ ನೆನಪಾಗುತ್ತೆ?”

ಭಾವ ನನ್ನ ಕಡೆ ನೋಡಿದರು. ನಾನು ಚೀಲದಿಂದ ಸದ್ದು ಕೇಳಿಸುವ ಯಂತ್ರ ತೆಗೆದು ರೆಫರಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಕಾಗದ ಹಿಡಿದುಕೊಂಡೇ ಕೇಳಿದರು. ಮೊದಲ ಸಲ ಮುಖ ಬದಲಾಗಲಿಲ್ಲ. ಎರಡನೆಯ ಸಲ ಹುಬ್ಬು ಗಂಟಾಯಿತು.

“ಇದರಲ್ಲಿ ಕಾಳಿದೆ,” ಎಂದರು.

“ಹೌದು.”

“ನಮ್ಮದರಲ್ಲಿ ಕಾಳಿರಲ್ಲ.” ಕಾಗದವನ್ನು ತೊಡೆಯ ಮೇಲಿಟ್ಟು, “ನಾನು ಕಾಳಿನ ಸೀಟಿ ಊದಿ ಇಪ್ಪತ್ತೆರಡು ವರ್ಷ ಆಯ್ತು,” ಎಂದರು. ಇಷ್ಟು ಹೇಳಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಬಸ್ಸಿನ ಪ್ರಯಾಣ ಮುಗಿಸಿ ಮನೆಗೆ ಬಂದವರ ಹಾಗೆ ಇತ್ತು ಆ ಒರಗುವಿಕೆ. ನಾವು ಯಾರೂ ಮಾತಾಡಲಿಲ್ಲ. ಅಷ್ಟು ಚೆನ್ನಾದ ಮೌನವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

“ತಪ್ಪಾಯ್ತು,” ಎಂದರು ಭಾವ. “ಒಳಗೆ ಮೊದಲು ನಾನು ಹೋಗಿ ಹೇಳ್ತೀನಿ.” ಆದರೆ ಏಳಲಿಲ್ಲ. ಕಾಲು ಅಲ್ಲಾಡಿಸಿದರು. “ಆದ್ರೆ ಒಂದು ಮಾತು. ಫೌಲಂತೂ ಆಗಿತ್ತು.”

ರೆಫರಿ ಕಣ್ಣು ಬಿಟ್ಟರು. “ಯಾವ ಫೌಲು?”

“ಏಣಿಗೆ ಮೊಣಕೈ ತಗುಲ್ತಲ್ಲ.”

“ಎಲ್ಲಿ ತಗುಲ್ತು? ಚೆಂಡಿಗೆ ತಗುಲ್ತು.”

“ರೀ, ಮೂವತ್ತನೇ ಸಾಲಿಗೆ ಕಾಣ್ಸಿದ್ದು ಮೂರು ಹೆಜ್ಜೆಯಲ್ಲಿದ್ದ ನಿಮಗೆ ಕಾಣ್ಲಿಲ್ವಾ?”

“ಮೂರು ಹೆಜ್ಜೆಯಲ್ಲಿ ನಾನು ಯಾಕೆ ನಿಂತಿರ್ತೀನಿ ಹೇಳಿ? ಮೂವತ್ತನೇ ಸಾಲಿಗೆ ಕಾಣದೇ ಇರೋದನ್ನ ನೋಡೋಕೆ.” ಅವರು ಎದ್ದು ನಿಂತರು. ಕುಳ್ಳಗಿದ್ದವರು ಈಗ ಅಷ್ಟು ಕುಳ್ಳಗೆ ಕಾಣಲಿಲ್ಲ. “ಬನ್ನಿ ಇಲ್ಲಿ. ನೀವು ಏಣಿ. ಕೈ ಮೇಲೆತ್ತಿ.”

“ರೀ...” ಎಂದಳು ಅಕ್ಕ ಕಿಟಕಿಯಿಂದ. ಭಾವ ಆಗಲೇ ಕೈ ಎತ್ತಿದ್ದರು.

ಬಾಗಿಲು ತೆರೆಯಿತು. ಗುಮಾಸ್ತ ತಲೆ ಹೊರಗೆ ಹಾಕಿ, ಮುಂದೆ ಯಾರು ಬರಬೇಕೋ ಬನ್ನಿ ಎಂದ. ವಯಸ್ಸಾದ ಗಂಡಸರಿಬ್ಬರು ವರಾಂಡದ ನಡುವೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯ ಹತ್ತಿರ ಇಟ್ಟುಕೊಂಡು, ನಡುವೆ ಎಷ್ಟು ಬೆರಳು ಜಾಗವಿದೆ ಎಂದು ಬಗ್ಗಿ ನೋಡುತ್ತಿದ್ದರು.

“ಎರಡು ನಿಮಿಷ ಇರಪ್ಪ,” ಎಂದರು ರೆಫರಿ, ಅವನ ಕಡೆ ತಿರುಗದೆ.